ಗಿರಾಕಿಯ ಅಂಗಿ

ಬಟ್ಟೆಗೆ ನೀಲಿ ಹಾಕಿ ಹಾಕಿ ಉಗುರಿನ ಸಂದಿಯಲ್ಲಿ ಬಣ್ಣ ಕೂತುಬಿಟ್ಟಿದ್ದರಿಂದ ಊರೆಲ್ಲ ಆ ಅಗಸಗಿತ್ತಿಯನ್ನು ನೀಲಿಕೈ ಅನ್ನುತ್ತಿತ್ತು. ಎದುರಿಗೆ ಸಿಕ್ಕರೆ ಅಕ್ಕ, ಬೆನ್ನು ತಿರುಗಿಸಿದರೆ ನೀಲಿಕೈ. ಎರಡಕ್ಕೂ ಅವಳು ಓಗೊಡುತ್ತಿದ್ದಳು.

ಹೊಳೆಗೆ ಇಳಿಯುವ ಮೆಟ್ಟಿಲ ಪಕ್ಕದಲ್ಲಿ ಅವಳದು ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಕೆಂಡ ತುಂಬುವ ಇಸ್ತ್ರಿ ಪೆಟ್ಟಿಗೆ, ಮಡಚಿಟ್ಟ ಬಟ್ಟೆಗಳ ರಾಶಿ. ಹಿಂದಿನ ಕೋಣೆಯಲ್ಲಿ ಅವಳು, ಮಗ, ಸೊಸೆ. ಹಿತ್ತಿಲಲ್ಲಿ ಸೋಡಾ ನೀರು ಕುದಿಸಿ ಬಟ್ಟೆ ಬೇಯಿಸುವ ಹಂಡೆ. ಒಬ್ಬ ಆಳು ಮುದುರಿ ಕೂರಬಹುದು, ಅಷ್ಟು ದೊಡ್ಡದು. ಅತ್ತೆ ಸೊಸೆ ಇಬ್ಬರಿಗೂ ನಾಲಿಗೆ ಉದ್ದ. ಒದ್ದೆ ಹೊದಿಕೆಯ ಎರಡು ತುದಿ ಹಿಡಿದು ಹಿಂಡುವಾಗ ನೀರಿಗಿಂತ ಜಾಸ್ತಿ ಬೈಗುಳ ಸುರಿಯುತ್ತಿತ್ತು.

ಒಗೆಯಲು ಬಂದ ಪ್ರತಿ ಬಟ್ಟೆಗೂ ಗುರುತು ಬೇಕು. ಇಲ್ಲದಿದ್ದರೆ ಬೇಕರಿಯವನ ಚಡ್ಡಿ ಮೇಷ್ಟ್ರ ಮನೆ ಸೇರಿಕೊಳ್ಳುತ್ತದೆ. ನೀಲಿಕೈ ಕರಿಗೇರು ಬೀಜ ಕಾಯಿಸಿ ಹಿಂಡಿದ ಮಸಿಯಲ್ಲಿ ಕಡ್ಡಿ ಅದ್ದಿ, ಕಾಲರಿನ ಒಳಮಗ್ಗುಲಲ್ಲಿ ಸಾಸಿವೆಯಷ್ಟು ಸಣ್ಣಗೆ ಬರೆಯುತ್ತಿದ್ದಳು. ಆ ಮಸಿ ಕುದಿಸಿದರೂ ಹೋಗದು, ಬಟ್ಟೆ ಚಿಂದಿಯಾದರೂ ಹೋಗದು. ಬೇಕರಿಯವರಿಗೆ ಮೂರು ಚುಕ್ಕಿ, ಮೇಷ್ಟ್ರಿಗೆ ಒಂದು ಕೊಕ್ಕೆ, ಗಡಿಯಾರ ರಿಪೇರಿಯವರಿಗೆ ಎರಡು ಚುಕ್ಕಿಯ ನಡುವೆ ಅಡ್ಡಗೆರೆ. ಯಾವ ಗುರುತು ಯಾವ ಮನೆಯದು ಅನ್ನುವುದು ಅವಳ ತಲೆಯಲ್ಲಿ ಮಾತ್ರ ಇತ್ತು.

ಒಗೆಯುವ ಕಸುಬಿನಲ್ಲಿ ಒಂದು ಹಳೆಯ ಕಳ್ಳಾಟವಿದೆ. ಒಗೆದ ಬಟ್ಟೆಯನ್ನು ಗಿರಾಕಿಗೆ ಮುಟ್ಟಿಸುವ ಮೊದಲು ಒಂದು ದಿನ ಇನ್ನೊಬ್ಬರಿಗೆ ಬಾಡಿಗೆಗೆ ಬಿಡುವುದು. ಮದುವೆ ಮನೆಗೆ ಹೋಗುವ ಬಡವ ಶ್ರೀಮಂತನ ಅಂಗಿ ತೊಟ್ಟು ಮೆರೆದು, ಮರುದಿನ ತಂದುಕೊಡುತ್ತಾನೆ. ಅದನ್ನು ಇನ್ನೊಂದು ಸಲ ನೀರಿಗೆ ಅದ್ದಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಳೆಯುದ್ದಕ್ಕೂ ಎಲ್ಲರೂ ಮಾಡುತ್ತಿದ್ದರು. ನೀಲಿಕೈ ಒಬ್ಬಳು ಮಾಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಗಂಡ ಡಾಕ್ಟರ ಕೋಟು ಏರಿಸಿಕೊಂಡು ನೆಂಟರ ಮನೆಗೆ ಹೊರಟಾಗ ನಡುಬೀದಿಯಲ್ಲಿ ಬಿಚ್ಚಿಸಿದ್ದಳು.

"ಬರೀ ಬನಿಯನ್ನಲ್ಲಿ ಹೋಗ್ಲೇನೇ?"

"ಬನಿಯನ್ನು ನಿಮ್ದೇ ತಾನೆ? ಹೋಗಿ."

ಆ ಗಂಡ ಎದೆನೋವು ಬಂದು ಸತ್ತು ಬಹಳ ಕಾಲವಾಗಿತ್ತು. ಊರು ಮಾತ್ರ ಆ ಬನಿಯನ್ನನ್ನು ಮರೆತಿರಲಿಲ್ಲ.

ಊರು ಮರೆಯದ ಇನ್ನೊಂದು ಸಂಗತಿ ಪೀಪಿಯದು. ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನನ್ನು ಎಲ್ಲರೂ ಪೀಪಿ ಅನ್ನುತ್ತಿದ್ದರು. ಉದ್ದ ಕತ್ತು, ದೊಡ್ಡ ಹಲ್ಲು, ಮೈಮೇಲೆ ತೂತುಬಿದ್ದ ಅಂಗಿ. ಯಾವುದೋ ದೊಡ್ಡ ಮನೆಯ ಮದುವೆಗೆ ಬಿಳಿ ಅಂಗಿ ಹಾಕಿಕೊಂಡು ಬರಬೇಕೆಂದು ಅವನಿಗೆ ತಾಕೀತಾಗಿತ್ತು. ನೀಲಿಕೈಯ ಬಾಗಿಲಿಗೆ ಬಂದು ಹಲ್ಲು ಗಿಂಜಿದ.

"ಒಂದೇ ಒಂದು ಸಂಜೆ, ಅಕ್ಕ. ಬೆವರೋದೂ ಇಲ್ಲ."

"ಬೆವರದೆ ಊದೋಕೆ ನೀನೇನು ಸತ್ತಿದ್ದೀಯೇನೋ?" ಅಂದವಳೇ ಒದ್ದೆ ಟವೆಲ್ಲು ಎತ್ತಿಕೊಂಡಳು. ಹೊಳೆಯ ಮೆಟ್ಟಿಲಿನಿಂದ ಮಾರ್ಕೆಟ್ಟಿನವರೆಗೂ ಅಟ್ಟಿಸಿಕೊಂಡು ಹೋಗಿ ಬಾರಿಸಿದಳು. ತರಕಾರಿ ಮಾರುವವರು ತಕ್ಕಡಿ ಕೆಳಗಿಟ್ಟು ನಕ್ಕರು. ಅವತ್ತಿನಿಂದ ಅವಳು ಈಚೆ ಬಂದರೆ ಪೀಪಿ ಆಚೆ ಹೋಗುತ್ತಿದ್ದ.

ಆಮೇಲೆ ಬೂದಿ ಅಂಗಿಯವರು ಬಂದರು.

ದೇಶದಲ್ಲಿ ಯಾರನ್ನು ಇಳಿಸಿ ಯಾರು ಕೂತರು ಅನ್ನುವುದು ಹೊಳೆದಂಡೆಗೆ ತಿಳಿಯುವ ಮೊದಲೇ ಶಾಲೆಯ ಬೆಂಚುಗಳು ಬೀದಿಗೆ ಬಿದ್ದವು, ಬೂದಿ ಬಣ್ಣದ ಸಮವಸ್ತ್ರದ ಸಿಪಾಯಿಗಳು ಒಳಗೆ ಮಲಗಿದರು. ಮೂವರು ಒಟ್ಟಿಗೆ ನಿಂತು ಮಾತಾಡಬಾರದು, ಕತ್ತಲಾದ ಮೇಲೆ ದೀಪ ಹಚ್ಚಬಾರದು. ಮುರಿದ ಸೇತುವೆ ಕಟ್ಟಲು ಗಂಡಸರು ಬೇಕು ಅಂತ ಒಂದು ಲಾರಿ ಬಂತು. ನೀಲಿಕೈಯ ಮಗನನ್ನು ಉಣ್ಣುತ್ತಿದ್ದ ತಟ್ಟೆಯಿಂದ ಎಬ್ಬಿಸಿಕೊಂಡು ಹೋದರು. ಸೇತುವೆ ಮುಗಿಯಿತು, ಅದರ ಮೇಲೆ ಲಾರಿಗಳು ಓಡಾಡಿದವು, ಹೋದವರು ಬರಲಿಲ್ಲ. ಗಂಡ ಎಲ್ಲಿ ಅಂತ ಕೇಳಲು ಹೋದ ಸೊಸೆಗೆ ಕಪಾಳಕ್ಕೆ ಬಿತ್ತು. ಒಂದು ಕಿವಿ ಅವತ್ತೇ ಕಿವುಡಾಯಿತು.

ಅದೇ ವಾರ ಸಿಪಾಯಿಗಳ ಮೂಟೆಗಳು ಒಗೆಯಲು ಬಂದವು. ಒಗೆಯಲ್ಲ ಅಂದಿದ್ದ ಹೊಳೆಯಾಚೆಯ ಅಗಸ ಆಗಲೇ ಇರಲಿಲ್ಲ. ಮಗನನ್ನು ಒಯ್ದವರ ಬಟ್ಟೆಯನ್ನು ತಾಯಿ ಒಗೆದಳು. ಕಲ್ಲಿಗೆ ಬಡಿಯುವಾಗ ಸ್ವಲ್ಪ ಜೋರಾಗಿಯೇ ಬಡಿದಳು, ಅಷ್ಟೇ.

ಒಂದು ಬೆಳಿಗ್ಗೆ ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಒಗೆಯುವ ಕಲ್ಲುಗಳ ನಡುವಿನಿಂದ ಒಬ್ಬ ಎದ್ದು ಬಂದ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ತರುಣ. ಊರಿನ ಗೋಡೆಗಳ ಮೇಲೆ 'ಸೇತುವೆಗೆ ಹೋದವರು ಎಲ್ಲಿ?' ಅಂತ ಕರಪತ್ರ ಅಂಟುತ್ತಿತ್ತಲ್ಲ, ಅದನ್ನು ಅಚ್ಚು ಹಾಕಿದವನು. ತೋಳಿಗೆ ಗುಂಡು ಬಿದ್ದಿತ್ತು. ಅಂಗಿಯ ಅರ್ಧ ರಕ್ತ, ಅರ್ಧ ನೀರು. ಹಲ್ಲು ಕಟಕಟ ಅನ್ನುತ್ತಿತ್ತು.

"ಅಮ್ಮ, ಹಾಕ್ಕೊಳ್ಳೋಕೆ ಏನಾದ್ರೂ. ಈ ಅಂಗೀಲಿ ಬೀದಿಗೆ ಹೋದ್ರೆ ಹಿಡೀತಾರೆ."

"ಒಂದು ಗೋಣಿಚೀಲ ಕೊಡಿ ಅತ್ತೆ, ಬೇಗ ಕಳಿಸಿ," ಅಂದಳು ಸೊಸೆ. ಬಾಯಲ್ಲಿ ಹಾಗಂದರೂ ಅವನ ತೋಳಿಗೆ ಚಿಂದಿ ಸುತ್ತುತ್ತಿದ್ದವಳು ಅವಳೇ.

"ಗೋಣಿ ಹೊದ್ದು ಬೀದೀಲಿ ನಡೆದ್ರೆ ನಾಯೀನೂ ಹಿಡಿಯುತ್ತೆ."

ಹಗ್ಗದ ಮೇಲಿದ್ದ ಬಟ್ಟೆಗಳಲ್ಲಿ ಒಣಗಿದ್ದು ಒಂದೇ ಅಂಗಿ. ಮೊಣಕೈ ಹತ್ತಿರ ಅಚ್ಚುಕಟ್ಟಾಗಿ ತೇಪೆ ಹಾಕಿದ್ದ ಕಂದು ಅಂಗಿ. ನೀಲಿಕೈ ಎಳೆದು ಅವನ ಹೆಗಲಿಗೆ ಹಾಕಿದಳು.

"ಅತ್ತೆ! ಗಿರಾಕೀದು!"

"ಗೊತ್ತು ಸುಮ್ನಿರೇ."

ಅವನು ಗುಂಡಿ ಹಾಕಿಕೊಳ್ಳುತ್ತ, "ಸೇತುವೆಗೆ ಹೋದವರ ಪಟ್ಟೀಲಿ ನಿಮ್ಮ ಮಗನ ಹೆಸರೂ ನನ್ನ ಹತ್ರ ಇದೆ ಅಮ್ಮ," ಅಂದ. ಮಂಜಿನಲ್ಲಿ ಹೋಗಿಬಿಟ್ಟ. ಅವನ ರಕ್ತದ ಅಂಗಿಯನ್ನು ಅವಳು ಸಿಪಾಯಿಗಳ ಬಟ್ಟೆ ಬೇಯುತ್ತಿದ್ದ ಹಂಡೆಗೇ ತುರುಕಿ ಕೋಲಿನಿಂದ ಅದುಮಿದಳು. ಗುರುತಿನ ಯೋಚನೆ ಅವಳಿಗೆ ಆಗ ಬರಲೇ ಇಲ್ಲ. ಕಸುಬು ಕಲಿತಂದಿನಿಂದ ಕಾಲರಿನ ಒಳಗೆ ಬರೆದವಳಿಗೆ ಕಾಲರಿನ ಒಳಗೆ ಏನಿದೆ ಅನ್ನುವುದೇ ಮರೆತುಹೋಗಿತ್ತು.

ಗಡಿಯಾರದವನ ಹೆಂಡತಿ ಅಂಗಿ ಎಲ್ಲಿ ಅಂತ ಕೇಳಿದಳು. "ಕಲೆ ಹೋಗಿಲ್ಲ ತಾಯಿ, ಇನ್ನೊಂದು ಸಲ ಬೇಯಿಸ್ತೀನಿ," ಅಂದಳು ನೀಲಿಕೈ. ಗಿರಾಕಿಗೆ ಅವಳು ಹೇಳಿದ ಮೊದಲ ಸುಳ್ಳು. ನಾಲಿಗೆ ಸುಟ್ಟಂತಾಯಿತು.

ಕೆಲವೇ ದಿನಕ್ಕೆ ಆ ಅಂಗಿ ವಾಪಸು ಬಂತು.

ತಂದವನು ಬೂದಿ ಅಂಗಿಯವರ ಕ್ಯಾಪ್ಟನ್. ಮಟಮಟ ಮಧ್ಯಾಹ್ನ, ಬೂಟು ಒರೆಸಿಕೊಂಡೇ ಒಳಗೆ ಬಂದ, ಶಿಸ್ತಿನ ಮನುಷ್ಯ. ಕವಾಯತಿನ ದಿನ ಬಿಳಿ ಅಂಗಿ ತೊಡುವವನು, ಅದರ ಗಂಜಿ ಗರಿಗರಿ ಇಲ್ಲದಿದ್ದರೆ ವಾಪಸು ಎಸೆಯುವವನು. ಕಂದು ಅಂಗಿಯನ್ನು ಇಸ್ತ್ರಿ ಮೇಜಿನ ಮೇಲೆ ಹರವಿದ. ನೀಲಿಕೈಗೆ ಮೊದಲು ಕಂಡದ್ದು ಎದೆಯ ಎಡಮಗ್ಗುಲಲ್ಲಿದ್ದ ತೂತು, ಅದರ ಸುತ್ತ ಗಟ್ಟಿಯಾಗಿದ್ದ ಕಪ್ಪು. ಅಂದರೆ ಆ ತರುಣ ಮುಗಿದಿದ್ದ. ಅವನ ಜೊತೆ ಅವನ ಹತ್ತಿರವಿದ್ದ ಹೆಸರುಗಳೂ.

ಕ್ಯಾಪ್ಟನ್ ಕಾಲರು ಮಗುಚಿದ. ಎರಡು ಚುಕ್ಕಿ, ನಡುವೆ ಅಡ್ಡಗೆರೆ.

"ಇದು ನಿನ್ನ ಕೈಬರಹ ಅಲ್ವಾ ಮುದುಕಿ?"

"ಹೌದು ಸಾಹೇಬ್ರೆ."

"ಯಾರ ಮನೇದು?"

ಅವಳು ಅಂಗಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. "ಕಣ್ಣು ಮಂಜು ಸಾಹೇಬ್ರೆ. ನೆನಪಾಗ್ತಿಲ್ಲ."

ಅವನಿಗೆ ಸಿಟ್ಟೇ ಬರಲಿಲ್ಲ. ಅದೇ ಭಯ ಹುಟ್ಟಿಸುವಂಥದ್ದು. "ನೆನಪು ಮಾಡ್ಕೋ. ನಾಳೆ ಬೆಳಿಗ್ಗೆ ಶಾಲೆ ಅಂಗಳಕ್ಕೆ ಊರೆಲ್ಲ ಬರುತ್ತೆ. ಮನೆಮನೆಯಿಂದ ಅಂಗಿ ತರಿಸ್ತೀನಿ, ಒಂದೊಂದೇ ಕಾಲರು ನೋಡಿಸ್ತೀನಿ. ಈ ಗುರುತು ಯಾವ ಮನೇದೋ, ಆ ಮನೇಲಿ ಇವನಿಗೆ ಅಂಗಿ ಕೊಟ್ಟವರಿದ್ದಾರೆ. ಕೊಟ್ಟವರ ಮನೇಲಿ ಒಬ್ಬರೂ ಉಳಿಯಲ್ಲ. ನೀನು ಮೊದಲೇ ಹೇಳಿದ್ರೆ ನನಗೆ ಕೆಲಸ ಕಮ್ಮಿ. ಹೇಳದೆ ನಾನೇ ಹುಡುಕಿದ್ರೆ ಆ ಮನೆ ಜೊತೆ ನಿನ್ನ ಮನೇನೂ." ಬಾಗಿಲಲ್ಲಿ ತಿರುಗಿ ನಿಂತ. "ನನ್ನ ಬಿಳಿ ಅಂಗಿ ನಾಳೆಗೆ ಬೇಕು."

ಗಡಿಯಾರದವನ ಮನೆಯಲ್ಲಿ ಅವನು, ಹೆಂಡತಿ, ಕಣ್ಣು ಕಾಣದ ಅಪ್ಪ, ತೊಟ್ಟಿಲಲ್ಲೊಂದು ಕೂಸು. ನಾಲ್ವರಲ್ಲಿ ಯಾರಿಗೂ ಅಚ್ಚುಕೂಟದ ತರುಣನ ಮುಖ ಸಹ ಗೊತ್ತಿರಲಿಲ್ಲ.

ನೀಲಿಕೈ ಪೆಟ್ಟಿಗೆಗೆ ಕೆಂಡ ತುಂಬಿದಳು. ಕ್ಯಾಪ್ಟನ್ನನ ಬಿಳಿ ಅಂಗಿ ಹಾಸಿ ನೀರು ಚಿಮುಕಿಸಿದಳು. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಸೊಸೆ ಬಾಗಿಲು ಹಾಕಿ ಬಂದು ಎದುರಿಗೆ ನಿಂತಳು.

"ಹೇಳ್ಬಿಡಿ ಅತ್ತೆ. ಅವರೇನು ನಮಗೆ ನೆಂಟರಾ?"

"ನೆಂಟರಲ್ಲ. ಗಿರಾಕಿ."

"ಗಿರಾಕಿಗೋಸ್ಕರ ಸಾಯೋರು ಯಾರಾದ್ರೂ ಇದ್ದಾರಾ ಲೋಕದಲ್ಲಿ?"

"ನಾನು ಸತ್ರೆ ಮುಗಿಯುತ್ತೇನೇ? ಬಾಯಿ ಮುಚ್ಕೊಂಡು ಸತ್ರೂ ಕಾಲರು ಮಾತಾಡುತ್ತೆ. ಗಡಿಯಾರದವನ ಮನೆಗೆ ನುಗ್ಗಿ ಬೇರೆ ಅಂಗಿ ತಂದ್ರೆ ಸಾಕು, ಎಲ್ಲಾದ್ರಲ್ಲೂ ಅದೇ ಗುರುತು. ನಾನೇ ಕೊಟ್ಟೆ ಅಂದ್ರೆ, ಅವರು ಹೇಳಿ ಕೊಡಿಸಿದ್ರು ಅಂತ ಅವರನ್ನೂ ಎಳೀತಾರೆ, ನಿನ್ನನ್ನೂ ಎಳೀತಾರೆ."

ಸೊಸೆಗೆ ಅಳು ಬಂದರೆ ಬೈಗುಳವಾಗಿಯೇ ಬರುತ್ತಿತ್ತು. "ಎಲ್ಲಾ ನಿಮ್ಮಿಂದಾನೇ! ನಿಮ್ಮ ಈ ಹಾಳು ನಿಯತ್ತಿನಿಂದ! ಹೊಳೆದಂಡೆಯ ಬೇರೆಯವರ ಹಾಗೆ ನೀವೂ ಬಟ್ಟೆ ಬಾಡಿಗೆಗೆ ಬಿಡ್ತಿದ್ರೆ, ಯಾರ ಅಂಗಿ ಯಾರ ಮೈಮೇಲೆ ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ. ಗುರುತು ಇಟ್ಕೊಂಡು ಅವನೇನು ನೆಕ್ಕಬೇಕಿತ್ತಾ?"

ಪೆಟ್ಟಿಗೆ ಬಟ್ಟೆಯ ಮೇಲೆ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ಅವಳು ಎತ್ತಿದ್ದು. ಕ್ಯಾಪ್ಟನ್ನನ ಅಂಗಿಯ ಕೆಳ ಅಂಚಿನಲ್ಲಿ, ಪ್ಯಾಂಟಿನೊಳಗೆ ಹೋಗುವ ಕಡೆ, ಟೀ ಬಣ್ಣದ ಒಂದು ಮೂಲೆ ಮೂಡಿತ್ತು. ಅವಳ ಕೈಯಲ್ಲಿ ಬಟ್ಟೆ ಸುಟ್ಟಿದ್ದು ಅದೇ ಮೊದಲು.

"ಇನ್ನೊಂದು ಸಲ ಹೇಳು," ಅಂದಳು.

"ಏನನ್ನ? ನೆಕ್ಕೋದನ್ನಾ?"

"ಬಾಡಿಗೆದನ್ನ."

ಅತ್ತೆಯ ಮುಖ ನೋಡಿ ಸೊಸೆಗೆ ಅರ್ಥವಾಗಿತ್ತು. ಮೆಲ್ಲಗೆ ಮೇಜಿನ ಅಂಚು ಹಿಡಿದುಕೊಂಡಳು. "ಬೇಡ ಅತ್ತೆ. ಊರು ಮುಖಕ್ಕೆ ಉಗಿಯುತ್ತೆ. ನಾಳೆಯಿಂದ ಒಂದು ಕರ್ಚೀಫೂ ಬರಲ್ಲ ನಮ್ಮ ಮನೆಗೆ."

ನೀಲಿಕೈ ಕತ್ತಲಾಗುವವರೆಗೂ ಯೋಚಿಸುತ್ತ ಇಸ್ತ್ರಿ ತಿಕ್ಕಿದಳು. ಪ್ರಾಣ ಕೊಡು ಅಂದಿದ್ದರೆ ಅವಳು ಅಷ್ಟು ಯೋಚಿಸುತ್ತಿರಲಿಲ್ಲ. ಊರಲ್ಲಿ ಅವಳಿಗಿದ್ದದ್ದು ಆ ಒಂದು ಮಾತು: ನೀಲಿಕೈ ಗಿರಾಕಿಯ ಬಟ್ಟೆ ಮುಟ್ಟಲ್ಲ. ಅದರ ಮೇಲೆ ಅವಳು ತಲೆಯೆತ್ತಿ ನಡೆದಿದ್ದಳು, ಅದರ ಮೇಲೆ ಹೊಳೆದಂಡೆಯವರನ್ನೆಲ್ಲ ಬೈದಿದ್ದಳು, ಗಂಡನನ್ನು ಬನಿಯನ್ನಿನಲ್ಲಿ ಓಡಾಡಿಸಿದ್ದಳು.

ಬೆಳಿಗ್ಗೆ ಅಂಗಳ ತುಂಬಿತ್ತು. ಮಕ್ಕಳು ಆಡುತ್ತಿದ್ದ ಜಾಗದಲ್ಲಿ ದೊಡ್ಡವರು ಸಾಲುಗಟ್ಟಿ ನಿಂತಿದ್ದರು. ಧ್ವಜ ಏರಿತು. ಬ್ಯಾಂಡಿನವರು ಬಂದೂಕಿನ ಮುಂದೆ ನಿಂತು ಬಾರಿಸಬೇಕಾದ್ದನ್ನು ಬಾರಿಸಿದರು. ಮುಂದಿನ ಸಾಲಿನಲ್ಲೇ ಪೀಪಿ, ಕತ್ತು ಉದ್ದ ಮಾಡಿಕೊಂಡು. ಕ್ಯಾಪ್ಟನ್ ಗರಿಗರಿ ಬಿಳಿ ಅಂಗಿಯಲ್ಲಿ ಕಟ್ಟೆ ಹತ್ತಿದ. ಕಂದು ಅಂಗಿಯನ್ನು ಎತ್ತಿ ಹಿಡಿದ. ತೂತಿನಲ್ಲಿ ಆಚೆಯ ಆಕಾಶ ಕಾಣುತ್ತಿತ್ತು.

ಹೆಂಗಸರ ಸಾಲಿನಲ್ಲಿ ಗಡಿಯಾರದವನ ಹೆಂಡತಿ ಕೂಸನ್ನು ಎದೆಗೆ ಅವುಚಿಕೊಂಡಳು. ಮೊಣಕೈಯ ತೇಪೆ ಅವಳೇ ಹಾಕಿದ್ದು. ನೀಲಿಕೈ ಅದನ್ನು ನೋಡಿದಳು, ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಏ ಮುದುಕಿ. ನೆನಪಾಯ್ತಾ?"

ಅವಳು ಮುಂದೆ ಬಂದಳು. ಹೊಳೆಯ ಆಚೆ ದಡಕ್ಕೆ ಕೂಗಿ ಅಭ್ಯಾಸವಿದ್ದ ಗಂಟಲು.

"ನೆನಪಾಗಿ ಏನೂ ಪ್ರಯೋಜನ ಇಲ್ಲ ಸಾಹೇಬ್ರೆ. ಗುರುತು ನೋಡಿದ್ರೆ ಅಂಗಿ ಯಾರದು ಅಂತ ಗೊತ್ತಾಗುತ್ತೆ. ಯಾರ ಮೈಮೇಲಿತ್ತು ಅಂತ ಗೊತ್ತಾಗಲ್ಲ."

"ಅಂದ್ರೆ?"

"ನಾನು ಬಟ್ಟೆ ಬಾಡಿಗೆಗೆ ಬಿಡ್ತೀನಿ."

ಬಂದೂಕುಗಳ ಮುಂದೆಯೂ ಊರು ಗುಜುಗುಜು ಅಂದಿತು. ಆ ಕಾಲದಲ್ಲಿ ಮನುಷ್ಯರು ಕಾಣೆಯಾದಾಗ ಕೂಡ ಅಷ್ಟು ಸದ್ದು ಎದ್ದಿರಲಿಲ್ಲ. "ನನ್ನ ರೇಷ್ಮೆ ಲಂಗ!" ಅಂದಳು ಬೇಕರಿಯವನ ಹೆಂಡತಿ. ಯಾರೋ ಥೂ ಅಂದರು. ನೀಲಿಕೈ ನಿಲ್ಲಿಸಲಿಲ್ಲ.

"ಎಲ್ಲರ ಬಟ್ಟೇನೂ ಬಿಡ್ತೀನಿ. ಮೇಷ್ಟ್ರದೂ ಬಿಡ್ತೀನಿ, ಡಾಕ್ಟರದೂ ಬಿಡ್ತೀನಿ. ಕತ್ತಲಾಗೋ ಹೊತ್ತಿಗೆ ಬರ್ತಾರೆ, ತಗೊಂಡು ಹೋಗ್ತಾರೆ. ಹೆಸರು ಕೇಳಿದ್ರೆ ವ್ಯಾಪಾರ ನಡಿಯುತ್ತಾ? ಈ ಅಂಗಿ ಯಾರು ಒಯ್ದರೋ, ಅವರಿಂದ ಯಾರು ಒಯ್ದರೋ. ನೀವು ಊರಿನ ಕಾಲರೆಲ್ಲ ಮಗುಚಿದ್ರೂ ಅಷ್ಟೇ."

"ಸುಳ್ಳು," ಅಂದ ಕ್ಯಾಪ್ಟನ್. "ನೀನು ಎಂಥವಳು ಅಂತ ನಮ್ಮ ಅಡುಗೆಯವನಿಗೂ ಗೊತ್ತು. ಗಂಡನ ಕೋಟು ಬಿಚ್ಚಿಸಿದವಳಂತೆ. ಯಾರಿಗೆ ಬಿಟ್ಟಿದ್ದೀಯ? ಒಬ್ಬನ್ನ ತೋರಿಸು."

ಇದನ್ನು ಅವಳು ಯೋಚಿಸಿರಲಿಲ್ಲ. ಮೂರೂ ಹೊತ್ತು ನಿಜ ಹೇಳಿ ಬದುಕಿದವಳಿಗೆ ಸುಳ್ಳಿಗೆ ಸಾಕ್ಷಿ ಬೇಕಾಗುತ್ತದೆ ಅಂತ ಹೊಳೆದಿರಲಿಲ್ಲ. ಕಣ್ಣು ಸಾಲಿನ ಮೇಲೆ ಓಡಿತು. ಎಲ್ಲರೂ ತಲೆ ತಗ್ಗಿಸಿದರು. ತಗ್ಗಿಸಲು ಬಾರದ ಉದ್ದ ಕತ್ತೊಂದು ಎದುರಿಗೇ ನಿಂತಿತ್ತು.

"ಪೀಪಿಗೆ," ಅಂದಳು. "ನೀವು ಈಗ ಹಾಕ್ಕೊಂಡಿದ್ದೀರಲ್ಲ ಸಾಹೇಬ್ರೆ, ಅದೇ ಅಂಗಿ."

ಅಂದಮೇಲೆ ತಾನು ಮಾಡಿದ್ದು ಏನು ಅಂತ ಅವಳಿಗೆ ತಿಳಿಯಿತು. ಟವೆಲ್ಲಿನಲ್ಲಿ ಮಾರ್ಕೆಟ್ಟಿನವರೆಗೂ ಬಡಿಸಿಕೊಂಡು ಹೋದವನು ಅವನು. ಅವನು ನಿಜ ಹೇಳಿದರೆ ಸಾಕು, ಊರೆಲ್ಲ ಸಾಕ್ಷಿ. ಅವನ ಮಾನ ಅವನಿಗೆ ಸಿಗುತ್ತದೆ, ಅವನ ಸೇಡೂ ತೀರುತ್ತದೆ. ಸುಳ್ಳು ಹೇಳಿದರೆ ಅವನಿಗೆ ಸಿಗುವುದೇನು ಅಂತ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕ್ಯಾಪ್ಟನ್ ಕಟ್ಟೆ ಇಳಿದು ಬಂದ. "ಹೌದೇನೋ?"

ಪೀಪಿ ಕ್ಲಾರಿನೆಟ್ ಕೆಳಗಿಳಿಸಿದ. ನೀಲಿಕೈಯನ್ನು ನೋಡಿದ. ಕಂದು ಅಂಗಿಯನ್ನು ನೋಡಿದ. ಕ್ಯಾಪ್ಟನ್ನನ ಬಿಳಿ ಅಂಗಿಯನ್ನು ಮೇಲಿನಿಂದ ಕೆಳಗೆ, ದರ್ಜಿ ನೋಡುವ ಹಾಗೆ ನೋಡಿದ.

"ಹೌದು ಸಾಹೇಬ್ರೆ. ಹಾಕ್ಕೊಂಡಿದ್ದೆ," ಅಂದ. "ಕಂಕುಳಲ್ಲಿ ಸ್ವಲ್ಪ ಬಿಗಿ."

ಯಾರೋ ನಕ್ಕರು. ನಗಬಾರದಿತ್ತು, ಆದರೆ ಬಂತು. ಆಮೇಲೆ ಒಬ್ಬ ಸಿಪಾಯಿ ನಕ್ಕ, ಮೂಗಿನಲ್ಲಿ, ತಡೆಯಲಾಗದೆ. ಕ್ಯಾಪ್ಟನ್ನನ ಕಿವಿಗಳು ಕೆಂಪಾದವು. ಅವನ ಕೈ ಅವನಿಗೇ ತಿಳಿಯದಂತೆ ಕಂಕುಳ ಹತ್ತಿರ ಹೋಗಿ ನಿಂತಿತು. ಬ್ಯಾಂಡಿನವನ ಬೆವರು ಅಂಟಿದ ಅಂಗಿಯಲ್ಲಿ ಅವನು ತನ್ನ ಧ್ವಜಕ್ಕೆ ಸಲ್ಯೂಟ್ ಹೊಡೆದಿದ್ದ.

ಆಮೇಲೆ ನಡೆದದ್ದನ್ನು ಉದ್ದ ಮಾಡುವುದು ಬೇಡ. ಪೀಪಿಯ ಕೈಯಿಂದ ಕ್ಲಾರಿನೆಟ್ ಕಿತ್ತುಕೊಂಡು ಅದರಿಂದಲೇ ಅವನ ಬಾಯಿಗೆ ಹೊಡೆದರು. ಅದು ಮುರಿಯುವವರೆಗೆ ಹೊಡೆದರು. ಮುಂದಿನ ಹಲ್ಲು ಒಂದೂ ಉಳಿಯಲಿಲ್ಲ. ನೀಲಿಕೈಯ ಇಸ್ತ್ರಿ ಪೆಟ್ಟಿಗೆಯನ್ನು ಅವಳ ಮನೆಯಿಂದಲೇ ತರಿಸಿದರು. ಕೆಂಡ ತುಂಬುವ ಕೆಲಸ ಸೊಸೆಗೆ ಕೊಟ್ಟರು. ತಡ ಮಾಡಿದಷ್ಟೂ ಹೆಚ್ಚು ಹೊತ್ತು ಇಡುತ್ತೇವೆ ಅಂದರು. ಅವಳು ತುಂಬಿದಳು. ಬಲಗೈಯನ್ನು ಕಟ್ಟೆಯ ಮೇಲೆ ಚಾಚಿಸಿ ಅದರ ಮೇಲೆ ಪೆಟ್ಟಿಗೆ ಇಟ್ಟರು. ಊರು ನೋಡುತ್ತ ನಿಂತಿತ್ತು. "ಬಟ್ಟೆ ಕಳ್ಳಿಗೆ ಸರಿಯಾಯ್ತು," ಅಂತ ಮೆಲ್ಲಗೆ ಅಂದವರೂ ಇದ್ದರು.

ಅಂಗಿ ಹುಡುಕುವ ಮಾತನ್ನು ಕ್ಯಾಪ್ಟನ್ ಮತ್ತೆ ಎತ್ತಲಿಲ್ಲ. ಮನೆಮನೆಯ ಕಾಲರು ಮಗುಚಿಸಿದ್ದರೆ ಪ್ರತಿ ಕಾಲರಿಗೂ ಅವನದೇ ಅಂಗಿಯ ಕತೆ ನೆನಪಾಗುತ್ತಿತ್ತು. ಸಿಪಾಯಿಗಳು ಅವನ ಬೆನ್ನ ಹಿಂದೆ ಆಗಲೇ ಕಂಕುಳು ತುರಿಸಿಕೊಳ್ಳುತ್ತಿದ್ದರು. ಗಡಿಯಾರದವನ ಮನೆಯ ನಾಲ್ವರೂ ಆ ಸಂಜೆ ಒಟ್ಟಿಗೆ ಕೂತು ಉಂಡರು.

ಮರುದಿನ ಗಡಿಯಾರದವನ ಹೆಂಡತಿ ಹೊಳೆಯ ಮೆಟ್ಟಿಲಿಗೆ ಬಂದಳು. ಕೈಗೆ ಎಲೆ ಕಟ್ಟಿಕೊಂಡು ಗೋಡೆಗೊರಗಿದ್ದ ನೀಲಿಕೈ ಏನೋ ಒಂದು ಒಳ್ಳೆಯ ಮಾತು ಬರುತ್ತದೆ ಅಂದುಕೊಂಡಳೇನೋ, ಎದ್ದು ಕೂತಳು.

"ನಮ್ಮ ಅಂಗೀನ ಬಾಡಿಗೆಗೆ ಬಿಟ್ಟು ನಮ್ಮ ಕುತ್ತಿಗೆಗೆ ತಂದಿಟ್ಟೆಯಲ್ಲೇ! ಕಲೆ ಹೋಗಿಲ್ಲ ಅಂದೆ. ನನ್ನ ಕೂಸಿನ ಗತಿ ಏನಾಗ್ತಿತ್ತು? ನೀನೊಂದು ಹೆಂಗಸಾ?" ಉಗಿದು ಹೋದಳು.

ಸೊಸೆ ಬಾಯಿ ತೆರೆದಳು. ನೀಲಿಕೈ ಎಡಗೈಯಿಂದ ಅವಳ ಸೆರಗು ಜಗ್ಗಿದಳು. "ಅವಳಿಗೆ ನಿಜ ಗೊತ್ತಾದ್ರೆ ಅವಳ ಗಂಡನಿಗೆ ಗೊತ್ತಾಗುತ್ತೆ. ಅವನಿಗೆ ಗೊತ್ತಾದ್ರೆ ಅಂಗಡಿಗೆ ಗೊತ್ತಾಗುತ್ತೆ. ಬಿಡು."

ಮನೆಮನೆಯವರು ಬಂದು ಒಗೆಯದ ಬಟ್ಟೆಗಳನ್ನೂ ವಾಪಸು ಒಯ್ದರು. ನೀಲಿಕೈ ಅನ್ನುವ ಹೆಸರು ಸತ್ತುಹೋಯಿತು; ಬೀದಿಯ ಹುಡುಗರು ಅವಳನ್ನು ಬಾಡಿಗೆ ಅಂಗಿ ಅಂತ ಕೂಗಿದರು. ಬಲಗೈಯ ಬೆರಳುಗಳು ಅಂಟಿಕೊಂಡು ಸೌಟಿನ ಹಾಗಾದವು. ನೀಲಿ ಮುಟ್ಟುವುದು ನಿಂತ ಮೇಲೆ ಎಡಗೈ ನಿಧಾನಕ್ಕೆ ಎಲ್ಲರ ಕೈಯ ಬಣ್ಣಕ್ಕೇ ತಿರುಗಿತು. ಬೂದಿ ಅಂಗಿಯವರ ಮೂಟೆಗಳು ಮಾತ್ರ ತಪ್ಪದೆ ಬಂದವು, ಕೂಲಿಯಿಲ್ಲದೆ. ಸೊಸೆ ಒಬ್ಬಳೇ ಒಗೆದಳು. ಹೊದಿಕೆಯ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಅದನ್ನು ಗೂಟಕ್ಕೆ ಕಟ್ಟಿ ಹಿಂಡುತ್ತಿದ್ದಳು. ಬೈಗುಳಕ್ಕೂ ಜೊತೆ ಬೇಕು. ಗೂಟವನ್ನು ಎಷ್ಟು ಅಂತ ಬೈಯುವುದು.

ವರ್ಷಗಳು ಕಳೆದ ಮೇಲೆ ಬೂದಿ ಅಂಗಿಯವರು ಹೋದರು. ಬಂದಷ್ಟೇ ಗಡಿಬಿಡಿಯಲ್ಲಿ, ತಾವು ಕಟ್ಟಿಸಿದ ಸೇತುವೆಯನ್ನು ತಾವೇ ಉಡಾಯಿಸಿ ಹೋದರು. ಆಮೇಲೆ ಊರಿನಲ್ಲಿ ವೀರರಿಗೇನು ಬರ! ಅಂಗಳದಲ್ಲಿ ತಲೆ ತಗ್ಗಿಸಿದವರೆಲ್ಲ ಗುಟ್ಟಾಗಿ ಕರಪತ್ರ ಹಂಚಿದ್ದರಂತೆ. ಸೊಸೆ ಆಗ ತಡೆಯಲಾರದೆ ಗಡಿಯಾರದಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಗಡಿಯಾರದವನು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯಲೇ ಇಲ್ಲ. ಅವನ ಹೆಂಡತಿ, "ಈಗ ಎಲ್ರೂ ಹೀಗೇ ಹೇಳ್ತಾರಮ್ಮ," ಅಂದಳು.

ಒಂದು ಸಂಜೆ ಬಾಗಿಲಿಗೆ ಪೀಪಿ ಬಂದ. ಹಲ್ಲಿಲ್ಲದ ಬಾಯಿಗೆ ಕ್ಲಾರಿನೆಟ್ ಕೂರುವುದಿಲ್ಲ. ಬ್ಯಾಂಡಿನಲ್ಲಿ ಈಗ ದೊಡ್ಡ ಡೋಲು ಬಡಿಯುತ್ತಿದ್ದ. ಕೆನ್ನೆ ಒಳಗೆ ಸೇದಿಹೋಗಿತ್ತು. ಇಸ್ತ್ರಿ ಮೇಜಿನ ಮೇಲೆ ಕೇಳದೆಯೇ ಕೂತ.

"ಅಕ್ಕ, ನನ್ನನ್ನೇ ಯಾಕೆ ತೋರಿಸ್ದೆ?"

"ನೀನು ಎದುರಿಗೆ ನಿಂತಿದ್ದೆ."

"ಅಷ್ಟೇನಾ?"

"ಅಷ್ಟೇ ಕಣೋ." ಅವಳು ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನೀನು ಇಲ್ಲ ಅನ್ನಬಹುದಿತ್ತು."

"ಅನ್ನೋನೇ ಇದ್ದೆ. ಟವೆಲ್ಲಿನ ಏಟು ನೆನಪಾಯ್ತು. ಬಾಡಿಗೆಗೆ ಬಿಡೋಳು ಅಷ್ಟು ಜೋರಾಗಿ ಹೊಡಿಯಲ್ಲ. ಈ ಮುದುಕಿ ಇಂಥ ಹೇಸಿಗೆ ಸುಳ್ಳನ್ನ ಮೈಮೇಲೆ ಹಾಕ್ಕೊಳ್ತಾ ಇದ್ದಾಳೆ ಅಂದ್ರೆ ಏನೋ ಇದೆ ಅನ್ನಿಸ್ತು." ಒಸಡು ಸವರಿಕೊಂಡ. "ನಿನ್ನ ಮೇಲೆ ಸಿಟ್ಟು ಹೋಗಿದೆ ಅಂತ ತಿಳ್ಕೋಬೇಡ. ಊದೋ ಹಾಡು ಕೇಳಿದಾಗೆಲ್ಲ ನಿನ್ನ ವಂಶ ಜಾಲಾಡ್ತೀನಿ."

"ಜಾಲಾಡು. ಉಳಿದಿರೋದು ನಾನು, ಈ ಸೊಸೆ."

ಅವನ ಕಣ್ಣು ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಒಂದು ಬಿಳಿ ಅಂಗಿ ತೂಗುತ್ತಿತ್ತು, ಗರಿಗರಿಯಾಗಿ. ಬೂದಿ ಅಂಗಿಯವರು ಓಡಿದ ದಿನ ಒಗೆಯಲು ಬಂದಿದ್ದ ಮೂಟೆಯಲ್ಲಿ ಉಳಿದುಹೋದದ್ದು. ಕೆಳ ಅಂಚಿನಲ್ಲಿ ಟೀ ಬಣ್ಣದ ಸುಟ್ಟ ಮೂಲೆ.

"ಅವನದ್ದಾ?"

"ಹೂಂ."

"ನಾನು ಹಾಕ್ಕೊಂಡಿದ್ದು?"

"ಹೂಂ."

ಪೀಪಿ ಎದ್ದು ಅದರ ಮುಂದೆ ನಿಂತ. ತೋಳು ಮುಟ್ಟಿ ನೋಡಿದ. "ಹಾಕದೇ ಇದ್ದ ಅಂಗಿಗೆ ಬಾಯಿತುಂಬ ಹಲ್ಲು ಕೊಟ್ಟೆ ಅಕ್ಕ. ಇದನ್ನ ನನಗೆ ಕೊಡು. ಒಂದು ಸಲ ಹಾಕ್ಕೊಂಡು ಮಾರ್ಕೆಟ್ಟಿಗೆ ಹೋಗಿ ಬರ್ತೀನಿ."

"ಕೊಡಲ್ಲ."

"ಯಾಕೆ?"

"ಗಿರಾಕೀದು."

"ಅತ್ತೆ!" ಸೊಸೆ ಒಳಗಿನಿಂದ ಕಿರುಚಿದಳು. "ಅವನು ಓಡಿಹೋಗಿದ್ದಾನೆ! ಎಲ್ಲೋ ಸತ್ತಿದ್ದಾನೆ! ನಿಮ್ಮ ಕೈ ಸುಟ್ಟವನು!"

"ಸತ್ತಿದ್ದು ನೀನು ನೋಡಿದ್ಯಾ? ಒಗೆಯೋಕೆ ಕೊಟ್ಟಿದ್ದು. ಒಗೆದಿಟ್ಟಿದ್ದೀವಿ. ಅಷ್ಟೇ."

ಪೀಪಿಯ ಬಾಯಿಂದ ಮೊದಲು ಗಾಳಿ ಮಾತ್ರ ಬಂತು. ಆಮೇಲೆ ಗೊತ್ತಾಯಿತು, ನಗುತ್ತಿದ್ದಾನೆ. ಒಸಡೆಲ್ಲ ಕಾಣುವಂತೆ ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ, ಬೈದುಕೊಂಡು ಮೆಟ್ಟಿಲಿಳಿದು ಹೋದ.

ಮುಂದಿನ ವಾರ ಮತ್ತೆ ಬಂದ. "ಅಂಗಿ ಕೊಡ್ತೀಯಾ?" ಅಂದ. "ಕೊಡಲ್ಲ," ಅಂದಳು. ಅದರ ಮುಂದಿನ ವಾರವೂ ಬಂದ. ಬೀದಿಯಲ್ಲಿ ಹುಡುಗರು ಬಾಡಿಗೆ ಅಂಗಿ ಅಂತ ಕೂಗುತ್ತಲೇ ಇದ್ದರು. ಬಾಗಿಲೊಳಗೆ ಅವನು ಕೇಳುತ್ತಲೇ ಇದ್ದ, ಅವಳು ಕೊಡಲ್ಲ ಅನ್ನುತ್ತಲೇ ಇದ್ದಳು. ಅಂಗಿ ಮಾಸಿತು ಅನ್ನಿಸಿದಾಗ ಸೊಸೆ ಬೈಯುತ್ತ ಬೈಯುತ್ತ ಅದನ್ನು ಇಳಿಸಿ, ಒಗೆದು, ಗಂಜಿ ಹಾಕಿ, ಮತ್ತೆ ಅದೇ ಮೊಳೆಗೆ ನೇತುಹಾಕುತ್ತಿದ್ದಳು.